ಇಪ್ಪತ್ತೊಂದನೇ ಕಾಲು

ಹಳೆಯ ರಾಜಕೀಯ ವ್ಯಂಗ್ಯಚಿತ್ರಗಳನ್ನು ಕೈಯಿಂದ ದೊಡ್ಡದಾಗಿ ಬರೆದು ಗೋಡೆಗೆ ಹಾಕಿಕೊಡುವುದೂ ಒಂದು ಉದ್ಯೋಗವಾಗಿತ್ತು ಎಂದರೆ ಈಗಿನವರು ನಂಬುವುದಿಲ್ಲ. ಮೊನ್ನೆ ಚಿತ್ರಕಲೆ ಕಲಿತ ಇಬ್ಬರು ಮನೆಗೆ ಬಂದು, ತಾವು ಹಳೆಯ ಚಿತ್ರಗಳ ನಕಲು ಮಾಡುವ ಕೆಲಸಕ್ಕೆ ಸೇರುತ್ತಿರುವುದಾಗಿಯೂ ನನ್ನ ಅನುಭವ ಹೇಳಬೇಕೆಂದೂ ಕೇಳಿದರು. ಹೇಳಿದರೆ ಮರೆತುಬಿಡುತ್ತಾರೆ, ಬರೆದುಕೊಟ್ಟರೆ ಕಳೆದುಬಿಡುತ್ತಾರೆ. ಕಳೆದದ್ದು ಎಂದಾದರೂ ಯಾರಿಗಾದರೂ ಸಿಗಬಹುದು ಎಂಬ ಕಾರಣಕ್ಕೆ ಬರೆಯುತ್ತಿದ್ದೇನೆ.

ನಾನು ಚಿತ್ರಗಾರನಲ್ಲ. ಒಂದು ದಿನಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ಪತ್ರಿಕೆ ನಿಂತುಹೋಯಿತು. ಐವತ್ತರ ದಶಕದ ನಡುವಿನಲ್ಲಿ ಕಾಳಪ್ಪಾಚಾರ್ ಎಂಬುವರ ಚಿತ್ರಶಾಲೆಗೆ ಸೇರಿದೆ. ಜಯನಗರದ ಮನೆಗಳು ಮುಗಿದು ರಾಗಿ ಹೊಲ ಶುರುವಾಗುವ ಜಾಗದಲ್ಲಿ, ಮುಂದೆ ಜೆ.ಪಿ. ನಗರವಾದ ಕಡೆಗೆ ಮುಖ ಮಾಡಿ, ಅವರದೊಂದು ಹೆಂಚಿನ ಶೆಡ್ ಇತ್ತು. ಸ್ವಾತಂತ್ರ್ಯ ಬಂದು ಹತ್ತು ವರ್ಷವಾಗುತ್ತಿದ್ದ ಕಾಲ. ವಾಚನಾಲಯ, ಹೈಸ್ಕೂಲು, ಕಾರ್ಮಿಕ ಸಂಘ, ವಕೀಲರ ಕ್ಲಬ್ಬು, ಎಲ್ಲರಿಗೂ ಬಿಳಿಯರನ್ನೋ ದಿವಾನರನ್ನೋ ಗೇಲಿ ಮಾಡಿದ ಹಳೆಯ ಚಿತ್ರವೊಂದು ಗೋಡೆಯ ಮೇಲೆ ಬೇಕಾಗಿತ್ತು. ಮೂಲಚಿತ್ರ ಅಂಗೈಯಗಲ. ಅದನ್ನು ಬಾಗಿಲಗಲ ಮಾಡುವುದು ನಮ್ಮ ಕೆಲಸ.

ಅದರಲ್ಲಿ ನನ್ನ ಪಾಲು ತಾಳೆ ನೋಡುವುದು. ಮೂಲದಲ್ಲಿರುವ ಪ್ರತಿ ಗೆರೆ ನಕಲಿನಲ್ಲಿ ಇರಬೇಕು, ಇಲ್ಲದ ಗೆರೆ ಬಂದಿರಬಾರದು. ಸರಿಯಿದ್ದರೆ ಹಲಗೆಯ ಹಿಂಬದಿಗೆ ‘ಮೂಲದಂತಿದೆ’ ಎಂಬ ರಬ್ಬರ್ ಮೊಹರು ಒತ್ತಿ ಸಹಿ ಮಾಡುತ್ತಿದ್ದೆ. ಆ ಮೊಹರು ಇಲ್ಲದೆ ಆಚಾರ್ ಯಾವ ಚಿತ್ರವನ್ನೂ ಶೆಡ್ಡಿನಿಂದ ಹೊರಗೆ ಬಿಡುತ್ತಿರಲಿಲ್ಲ.

ಆಚಾರ್ ಅವರ ಪದ್ಧತಿ ಹೀಗಿತ್ತು. ಮೂಲದ ಮೇಲೆ ಪೆನ್ಸಿಲಿನಿಂದ ಚೌಕ ಹಾಕುವುದು, ಹಲಗೆಯ ಮೇಲೂ ಅಷ್ಟೇ ಚೌಕ. ಇಷ್ಟು ಎಲ್ಲರೂ ಮಾಡುತ್ತಾರೆ. ಆಚಾರ್ ಇನ್ನೊಂದು ಹೆಜ್ಜೆ ಹೋಗಿ, ಮೂಲವನ್ನು ತಲೆಕೆಳಗು ಮಾಡಿ, ನಡುವೆ ಒಂದೇ ಚೌಕದಷ್ಟು ಕಿಟಕಿ ಕತ್ತರಿಸಿದ ರಟ್ಟನ್ನು ಅದರ ಮೇಲಿಡುತ್ತಿದ್ದರು. ಬರೆಯುವವನಿಗೆ ಆ ಕಿಟಕಿ ಬಿಟ್ಟು ಬೇರೇನೂ ಕಾಣಕೂಡದು. “ಏನು ಬರೀತಿದೀನಿ ಅಂತ ಗೊತ್ತಾದ ತಕ್ಷಣ ಕೈ ತಿದ್ದೋಕೆ ಶುರು ಮಾಡುತ್ತೆ” ಎನ್ನುತ್ತಿದ್ದರು. ಹೀಗಾಗಿ ನಮ್ಮ ಚಿತ್ರಗಾರರಿಗೆ ತಾವು ಬರೆಯುತ್ತಿರುವುದು ಏನೆಂದು ವಾರಗಟ್ಟಲೆ ತಿಳಿಯುತ್ತಿರಲಿಲ್ಲ. ಸಿನಿಮಾ ಬ್ಯಾನರ್ ಬರೆಯುವುದನ್ನು ಬಿಟ್ಟು ಬಂದಿದ್ದ ಬಾಷಾ ಎಂಬಾತ ಇಪ್ಪತ್ತು ದಿನ ಬರೆದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, “ಸಾರ್, ಯಾರಿಗೂ ಹೇಳ್ಬೇಡಿ. ಇದು ಆನೇನಾ, ಮಂತ್ರೀನಾ?” ಎಂದು ಕೇಳಿದ. ಮೂಲ ನೋಡಿ ಬಂದು ಹೇಳಿದೆ: ಮಂತ್ರಿ, ಆದರೆ ಆನೆಯ ಮೇಲೆ.

ಮೂಲಗಳೆಲ್ಲ ಹಳೆಯ ಪತ್ರಿಕೆಯ ತುಣುಕುಗಳು, ಕಾಗದ ಹಳದಿಯಾಗಿರುತ್ತಿತ್ತು. ಮೂಲದಂತೆಯೇ ಇರಬೇಕಲ್ಲ, ಆದ್ದರಿಂದ ನಮ್ಮ ಹಲಗೆಗಳ ಹಿನ್ನೆಲೆಯೂ ಹಳದಿ. ಗೆರೆ ಕಪ್ಪು. ಮೂರನೆಯ ಬಣ್ಣ ಶೆಡ್ಡಿನಲ್ಲೇ ಇರಲಿಲ್ಲ. ಒಂದು ಶಾಲೆಯ ಹೆಡ್‌ಮಾಸ್ಟರು ನಮ್ಮ ಹಲಗೆ ತೋರಿಸಿ, ಬ್ರಿಟಿಷರ ಕಾಲದಲ್ಲಿ ಹಳದಿ ಕಾಗದದ ಮೇಲೆ ಅಚ್ಚು ಹಾಕುತ್ತಿದ್ದರು ಎಂದು ಮಕ್ಕಳಿಗೆ ಪಾಠ ಮಾಡುತ್ತಿದ್ದರಂತೆ. ಆ ಮಕ್ಕಳಲ್ಲಿ ಕೆಲವರು ಈಗ ಮೇಷ್ಟರಾಗಿರಬಹುದು.

ಇನ್ನೊಂದು ಮೂಲದಲ್ಲಿ ಪುಟಗಳ ನಡುವೆ ಸಿಕ್ಕಿ ಅಪ್ಪಚ್ಚಿಯಾದ ನೊಣವೊಂದು ಸಾಹೇಬನ ಭುಜಕ್ಕೆ ಅಂಟಿಕೊಂಡಿತ್ತು. ಬಾಷಾ ಅದನ್ನೂ ತಲೆಕೆಳಗಾಗಿ ನೋಡಿ ಬರೆದ. ನಕಲಿನಲ್ಲಿ ನೊಣ ಗುಬ್ಬಚ್ಚಿಯಷ್ಟಾಯಿತು. ಮೂಲದಲ್ಲಿ ಇದೆ, ನಕಲಿನಲ್ಲೂ ಇದೆ. ನಾನು ಮೊಹರು ಒತ್ತಿದೆ. ಆ ಚಿತ್ರ ಹೋದ ವಕೀಲರ ಕ್ಲಬ್ಬಿನಲ್ಲಿ ಹಿರಿಯರೊಬ್ಬರು ಆ ನೊಣ ಭಾರತದ ಬಡವನ ಸಂಕೇತ ಎಂದು ಮುಕ್ಕಾಲು ಗಂಟೆ ಭಾಷಣ ಮಾಡಿದರು. ನಾನು ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದೆ. ತಿದ್ದುಪಡಿ ಕೊಡಬೇಕಿತ್ತು, ಕೊಡಲಿಲ್ಲ.

ಚಿತ್ರದಲ್ಲಿ ಗೇಲಿಗೆ ಸಿಕ್ಕವರ ಮೊಮ್ಮಕ್ಕಳೂ ಬರುತ್ತಿದ್ದರು. ಒಬ್ಬಾತ ಬಂದು, “ನಮ್ಮ ತಾತನ ಮೂಗು ಅಷ್ಟುದ್ದ ಇರ್ಲಿಲ್ಲ ಸಾರ್, ಒಂಚೂರು ಕಮ್ಮಿ ಮಾಡಿ” ಎಂದ. ಮೂಲದಲ್ಲಿ ಅಷ್ಟೇ ಇದೆ ಎಂದೆ. “ಮನೇಲಿ ಫೋಟೋ ಇದೆ, ತಂದ್ಕೊಡ್ಲಾ?” ಎಂದ. ಫೋಟೋ ನಮಗೆ ಮೂಲವಲ್ಲ ಎಂದೆ. ಮಾತು ಮುಗಿಯುವವರೆಗೆ ಆತನ ಮೂಗಿನ ಕಡೆ ನೋಡದೆ ಇರುವುದು ಸುಲಭವಾಗಿರಲಿಲ್ಲ.

ಇವೆಲ್ಲ ಸಣ್ಣವು. ಇನ್ನು ಕಾಲಿನ ವಿಷಯ.

ಜಯನಗರದ ಒಂದು ಬಡಾವಣೆಯ ಸಂಘದವರು ಹೊಸದಾಗಿ ಹಾಲ್ ಕಟ್ಟಿಸಿದ್ದರು. ಅಧ್ಯಕ್ಷರು ಮುನಿಶಾಮಪ್ಪ. ಬಡಾವಣೆಯಾಗುವ ಮೊದಲು ಆ ನೆಲದಲ್ಲಿ ಸೊಪ್ಪು ಬೆಳೆಯುತ್ತಿದ್ದವರು, ಈಗ ಅದೇ ನೆಲದಲ್ಲಿ ನಾಲ್ಕು ಮನೆ ಕಟ್ಟಿ ಬಾಡಿಗೆಗೆ ಬಿಟ್ಟಿದ್ದರು. ಹಾಲ್‌ಗೆ ಒಂದು ಚಿತ್ರ ಬೇಕೆಂದು ಮೂಲವನ್ನೂ ತಾವೇ ತಂದುಕೊಟ್ಟರು. “ನಮ್ಮವ್ವ ಎಣ್ಣೆ ಡಬ್ಬದ ಕೆಳಗೆ ಹಾಸಿದ್ಲು ಸಾರ್ ಈ ಪೇಪರ್‌ನ. ನಾನೇ ಬಿಡಿಸಿ, ಹರಿದೋಗ್ಬಾರ್ದು ಅಂತ ರಟ್ಟಿಗೆ ಅಂಟಿಸ್ದೆ” ಎಂದರು.

ಸ್ವಾತಂತ್ರ್ಯಕ್ಕೆ ಮೊದಲು ಇದೇ ಊರಿನಲ್ಲಿ ನಡೆದ ಲಾಠಿ ಪ್ರಹಾರವೊಂದರ ಮಾರನೆಯ ದಿನ ಅಚ್ಚಾದ ಚಿತ್ರ ಅದು. ‘ಜವಾಬ್ದಾರಿ ಸರ್ಕಾರ’ ಎಂದು ಬರೆದ ಬಾಗಿಲನ್ನು ಹತ್ತು ಜನ ತಳ್ಳುತ್ತಿದ್ದಾರೆ. ಬಾಗಿಲಿನ ಆಚೆ ದಪ್ಪ ಅಧಿಕಾರಿಯೊಬ್ಬ ಬೆನ್ನು ಕೊಟ್ಟು ನಿಂತು ಕಾಫಿ ಕುಡಿಯುತ್ತಿದ್ದಾನೆ. ಈಚೆ ಕೊನೆಯಲ್ಲಿ ಲಾಠಿ ಹಿಡಿದ ಭಾರಿ ಗಾತ್ರದ ಪೊಲೀಸಿನವನು. ಅವನ ಹಿಂದಿನಿಂದ ಒಂದು ಬರಿಗಾಲು, ಮಂಡಿ ಮಡಚಿ, ಹೊರಗೆ ಚಾಚಿದೆ. ಬೇರೆ ಗೆರೆಗಳಿಗಿಂತ ಆ ಕಾಲು ಮಾಸಲು, ಬೂದು ಬಣ್ಣ. ಬೂದು ನಮ್ಮಲ್ಲಿ ಇರಲಿಲ್ಲ. ಗೆರೆಯಿದ್ದರೆ ಕಪ್ಪು, ಇಲ್ಲದಿದ್ದರೆ ಹಳದಿ. ಬಾಷಾ ಕಪ್ಪು ಬರೆದ. ನಾನು ಎಣಿಸಿ ಮೊಹರು ಒತ್ತಿದೆ.

ಮುನಿಶಾಮಪ್ಪನವರು ಬಂದು ಹಲಗೆಯ ಮುಂದೆ ಬಹಳ ಹೊತ್ತು ನಿಂತರು. ಬೆರಳು ಮಡಚುತ್ತಿದ್ದರು.

“ಬಾಗಿಲು ತಳ್ಳೋರು ಎಷ್ಟು ಜನ ಆಚಾರ್ರೇ?”

“ಹತ್ತು.”

“ಪೊಲೀಸ್ನೋನ್ದು, ಆಫೀಸರ್ದು ಬಿಟ್ಟು ಲೆಕ್ಕ ಹಾಕಿದೀನಿ. ಹತ್ತು ತಲೆ, ಇಪ್ಪತ್ತೊಂದು ಕಾಲು. ಸಂತೇಲಿ ಯಾರಾದ್ರೂ ಹಿಂಗೆ ಕೊಟ್ರೆ ವಾಪಸ್ ಹೊಡೀತೀವಿ. ಒಂದು ತೆಗೀರಿ.”

ಮೂಲದಲ್ಲಿದೆ, ತೆಗೆಯುವಂತಿಲ್ಲ ಎಂದರು ಆಚಾರ್. ಗಿರಾಕಿಯಿಂದ ತಕರಾರು ಬಂದರೆ ಅದೇ ಪತ್ರಿಕೆಯ ಎರಡನೆಯ ಪ್ರತಿ ಹುಡುಕಿ ನೋಡುವುದು ನಮ್ಮ ನಿಯಮ. ಹುಡುಕುತ್ತೇನೆ, ಅಲ್ಲಿಯವರೆಗೆ ಕಾಲು ಇರಲಿ ಎಂದೆ. ಮುನಿಶಾಮಪ್ಪನವರು ಒಪ್ಪದೆ ಒಪ್ಪಿದರು.

ಅದೇ ವಾರ ಹಣೆಯ ತುಂಬ ವಿಭೂತಿ ಹಚ್ಚಿದ, ಎಡಗಾಲು ಎಳೆದು ನಡೆಯುವ ಒಬ್ಬರು ಹಾಲ್‌ಗೆ ಬರುವ ಚಿತ್ರದ ವಿಷಯ ಕೇಳಿ ಶೆಡ್ಡಿಗೆ ಬಂದರು. ಹೆಸರು ರುದ್ರಯ್ಯ. ತುಮಕೂರು ಕಡೆಯವರು, ಅಂಚೆ ವಿಂಗಡಿಸುವ ಕೆಲಸದಿಂದ ನಿವೃತ್ತರಾಗಿ ಯಡಿಯೂರಿನಲ್ಲಿದ್ದರು. ಜೊತೆಗೆ ಹೆಂಡತಿ ಗೌರಮ್ಮ. ರುದ್ರಯ್ಯನವರು ಹಲಗೆಯ ಮುಂದೆ ನಿಂತು, ಪೊಲೀಸಿನವನ ಹಿಂದಿನ ಕಾಲನ್ನು ತೋರಿಸಿ, “ಇದು ನಾನು” ಎಂದರು.

ಅವರು ಹೇಳಿದ್ದನ್ನು ನಾನು ಆಗಲೇ ಬರೆದುಕೊಂಡೆ. ಲಾಠಿ ಬೀಸಿದ ದಿನ ಅವರು ಆ ಗುಂಪಿನಲ್ಲಿದ್ದರು. ಮಂಡಿಗೆ ಏಟು ಬಿತ್ತು. ಚಿತ್ರ ಬರೆದಾತ ಅವರ ಹಳೆಯ ಸ್ನೇಹಿತ, ಈಗಿಲ್ಲ. ಆಸ್ಪತ್ರೆಗೆ ಬಂದು, “ನಿನ್ನನ್ನೂ ಹಾಕಿದೀನಿ ಕಣೋ. ಮುಖ ಕಂಡ್ರೆ ಕೆಲಸ ಹೋಗುತ್ತೆ, ಅದಕ್ಕೆ ಪೊಲೀಸ್ನೋನ ಹಿಂದೆ ನಿಲ್ಸಿದೀನಿ” ಎಂದು ಹೇಳಿ ಹೋದ. ಇವರು ಮೂರು ವಾರದ ಮೇಲೆ ಹೊರಗೆ ಬಂದು ಹುಡುಕಿದಾಗ ಆ ಪತ್ರಿಕೆಯ ಪ್ರತಿ ಸಿಗಲಿಲ್ಲ. ಇದ್ದವರು ಹೆದರಿ ಸುಟ್ಟಿದ್ದರು. ಚಿತ್ರವನ್ನು ಅವರು ಈಗಲೇ ಮೊದಲು ನೋಡುತ್ತಿರುವುದು.

“ಸೈಕಲ್ಲಿಂದ ಬಿದ್ರು” ಎಂದರು ಗೌರಮ್ಮ, ನನ್ನ ಕಡೆ ತಿರುಗಿ.

“ಅದು ಆಫೀಸಿಗೆ ಬರ್ಕೊಟ್ಟಿದ್ದು ಕಣೇ.”

“ನನಗೂ ಅದನ್ನೇ ಅಲ್ವಾ ಹೇಳಿದ್ದು? ಸ್ವರಾಜ್ಯ ಬಂದ್ಮೇಲೆ ಲಾಠಿ ಆಯ್ತು. ಅಲ್ಲೀ ತಂಕ ಸೈಕಲ್ಲೇ ಇತ್ತು.”

ವಿಷಯ ಇಷ್ಟೇ. ಕೆಲಸ ಉಳಿಸಿಕೊಳ್ಳಲು ಅವರು ಇಲಾಖೆಗೆ ‘ಸೈಕಲ್‌ನಿಂದ ಬಿದ್ದು ಪೆಟ್ಟಾಗಿದೆ’ ಎಂದು ಬರೆದುಕೊಟ್ಟಿದ್ದರು. ಬಾಯಿ ಜಾರದಿರಲೆಂದು ಮನೆಯಲ್ಲೂ ಅದನ್ನೇ ಹೇಳಿದರು. ಆಮೇಲೆ ನಿಜ ಹೇಳಿದಾಗ ಹೆಂಡತಿ ನಂಬಲಿಲ್ಲ, ಭಾವಮೈದುನಂದಿರು ನಕ್ಕರು. ದಾಖಲೆ ಅವರದೇ ಕೈಬರಹದಲ್ಲಿ ಅವರ ವಿರುದ್ಧ ಇತ್ತು. ಅವರ ಪರವಾಗಿ ಇದ್ದದ್ದು ನಮ್ಮ ಹಲಗೆಯ ಮೇಲಿನ ಆ ಒಂದು ಕಾಲು.

“ಚಿತ್ರದಲ್ಲಿದೆ ನೋಡು” ಎಂದರು ರುದ್ರಯ್ಯನವರು.

“ಕಾಲಿಗೆ ಹೆಸರು ಬರ್ದಿದಾರಾ?” ಎಂದರು ಗೌರಮ್ಮ. ಆದರೆ ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಮ್ಮೆ ನೋಡಿದರು.

ಸುದ್ದಿ ಹಬ್ಬಿತು. ಎಂಟು ದಿನದೊಳಗೆ ಇನ್ನೂ ನಾಲ್ಕು ಜನ ಆ ಕಾಲು ತಮ್ಮದೆಂದು ಬಂದರು. ಬಂದವರೆಲ್ಲ ಪಂಚೆ ಎತ್ತಿ ಮಂಡಿ ತೋರಿಸಿದರು. ಪ್ರತಿ ಮಂಡಿಯ ವಿವರವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಇವರಲ್ಲದೆ ಇನ್ನೊಬ್ಬಾತ ಕಾಲು ತನ್ನ ತಂದೆಯದೆಂದು ವಾದಿಸಿ, ಸಾಕ್ಷಿಗೆ ತಂದೆಯನ್ನೇ ಜಟಕಾದಲ್ಲಿ ಕರೆತಂದ. ಮುದುಕರು ಚಿತ್ರ ನೋಡಿ, “ಆವತ್ತು ನಾನು ಮದ್ದೂರಲ್ಲಿದ್ನಲ್ಲೋ” ಎಂದರು. ಮಗ ಅವರನ್ನು ಅದೇ ಜಟಕಾದಲ್ಲಿ ವಾಪಸು ಕರೆದುಕೊಂಡು ಹೋದ. ಆಚಾರ್ ಅವರದು ಒಂದೇ ಷರತ್ತು: “ಯಾರು ಬೇಕಾದ್ರೂ ಬನ್ನಿ, ಹಲಗೆಗೆ ಒರಗಿಕೊಂಡು ಮಂಡಿ ಹೋಲಿಸ್ಬೇಡಿ. ಬಣ್ಣ ಒಣಗಿಲ್ಲ.”

ಸಂಘ ಮೂವರ ಸಮಿತಿಯೊಂದನ್ನು ಮಾಡಿತು. ಕಾಲಿನ ಸಮಿತಿ ಎಂದೇ ಎಲ್ಲರೂ ಕರೆಯುತ್ತಿದ್ದರು. ಇಷ್ಟರಲ್ಲಿ ಮುನಿಶಾಮಪ್ಪನವರ ಮನಸ್ಸೂ ತಿರುಗಿತ್ತು. “ಇರ್ಲಿ ಬಿಡಿ ಸಾರ್ ಕಾಲು. ನಮ್ಮ ಬಡಾವಣೆಯೋರ್ದು ಅಂದ್ರೆ ಹಾಲ್‌ಗೇ ಒಂದು ಗೌರವ. ಯಾರ್ದು ಅಂತ ಆಮೇಲೆ ನೋಡ್ಕೊಳೋಣ” ಎಂದರು. ನಾನು ಎರಡನೆಯ ಪ್ರತಿ ಹುಡುಕುವುದನ್ನು ಬಿಡಲಿಲ್ಲ.

ಅದು ಬೇಗೂರಿನಲ್ಲಿ ಸಿಕ್ಕಿತು. ನಾಗೇಶ್ವರ ದೇವಸ್ಥಾನದ ಬೀದಿಯಲ್ಲಿ ನಿವೃತ್ತ ಮೇಷ್ಟರೊಬ್ಬರು ಟ್ರಂಕಿನಲ್ಲಿ ಬೇವಿನ ಎಲೆಯ ನಡುವೆ ಹಳೆಯ ಪತ್ರಿಕೆಗಳನ್ನು ಇಟ್ಟಿದ್ದಾರೆಂದು ಯಾರೋ ಹೇಳಿದರು. ಸೈಕಲ್ ತುಳಿದುಕೊಂಡು ಹೋದೆ. ಮೇಷ್ಟರು ಜಗಲಿಯ ಮೇಲೆ ಚಾಪೆ ಹಾಸಿ ಪುಟ ಬಿಚ್ಚಿದರು. ಅದೇ ಬಾಗಿಲು, ಅದೇ ಹತ್ತು ಜನ, ಅದೇ ಕಾಫಿ, ಅದೇ ಪೊಲೀಸಿನವನು. ಕಾಲುಗಳು ಇಪ್ಪತ್ತು.

ಪುಟ ತಿರುಗಿಸಿದೆ. ಹಿಂಬದಿಯಲ್ಲಿ ಮಂಡಿನೋವಿನ ತೈಲದ ಜಾಹೀರಾತು. ದೊಡ್ಡದಾಗಿ ಒಂದು ಕಾಲು, ಮಂಡಿ ಮಡಚಿ, ಬರಿಗಾಲು. ಪುಟವನ್ನು ಎತ್ತಿ ಬಿಸಿಲಿಗೆ ಹಿಡಿದೆ. ಕಾಲು ಚಿತ್ರದ ಬದಿಗೆ ಮೂಡಿ ಸರಿಯಾಗಿ ಪೊಲೀಸಿನವನ ಹಿಂದೆ ನಿಂತಿತು. ಮುನಿಶಾಮಪ್ಪನವರ ಮನೆಯ ಎಣ್ಣೆ ಡಬ್ಬ ಕಾಗದವನ್ನು ನೆನೆಸಿತ್ತು, ಹಿಂದಿನ ಪುಟ ಮುಂದೆ ಕಂಡಿತ್ತು. ರಟ್ಟಿಗೆ ಅಂಟಿಸಿದ್ದರಿಂದ ಹಿಂಬದಿ ನೋಡುವ ಯೋಚನೆಯೇ ನಮಗೆ ಬರಲಿಲ್ಲ. ಬೂದು ಗೆರೆ ಕಂಡಾಗ ನಾನು ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿರಲಿಲ್ಲ. ತಪ್ಪು ನನ್ನದು.

ಚಿತ್ರದ ಪಕ್ಕದ ಅಂಕಣದಲ್ಲಿ ಲಾಠಿ ಪ್ರಹಾರದ ವರದಿ ಇತ್ತು. ಗಾಯಗೊಂಡವರ ಹೆಸರುಗಳನ್ನು ಎರಡು ಸಲ ಓದಿದೆ. ರುದ್ರಯ್ಯ ಎಂಬ ಹೆಸರಿಲ್ಲ. ಪಟ್ಟಿಯ ಕೊನೆಯಲ್ಲಿ ‘ಮತ್ತು ಇನ್ನೊಬ್ಬರು’ ಎಂದಿತ್ತು. ಪತ್ರಿಕೆಯಲ್ಲಿದ್ದಾಗ ಸಾಲಿನಲ್ಲಿ ಹಿಡಿಸದಿದ್ದರೆ ನಾನೂ ಹೆಸರು ತೆಗೆದು ‘ಇನ್ನೊಬ್ಬರು’ ಎಂದು ಹಾಕುತ್ತಿದ್ದೆ. ಹಾಗೆ ಎಷ್ಟು ಜನರನ್ನು ತೆಗೆದಿದ್ದೇನೆ ಎಂಬ ಯೋಚನೆ ಬೇಗೂರು ಕೆರೆ ದಾಟುವಾಗ ಮೊದಲ ಸಲ ಬಂತು.

ಮಾರನೆಯ ದಿನ ಯಡಿಯೂರಿಗೆ ಹೋದೆ. ಇಂಥದ್ದನ್ನು ಆಳಿನ ಕೈಲಿ ಹೇಳಿ ಕಳಿಸಬಾರದು. ಗೌರಮ್ಮನವರು ನಡುಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ರುದ್ರಯ್ಯನವರಿಗೆ ಎಲ್ಲ ಹೇಳಿದೆ.

ಅವರು, “ಯಾವ ತೈಲ?” ಎಂದು ಕೇಳಿದರು. ಹೆಸರು ಹೇಳಿದೆ.

“ಆರು ತಿಂಗಳು ಹಚ್ಕೊಂಡೆ ಅದನ್ನ. ಏನೂ ಆಗ್ಲಿಲ್ಲ.”

“ಸೈಕಲ್ಲಿಂದ ಬಿದ್ದೋರಿಗೂ ಅದನ್ನೇ ಕೊಡೋದು” ಎಂದರು ಗೌರಮ್ಮ, ತಲೆ ಎತ್ತದೆ.

“ವರದಿಯಲ್ಲಿ ನಿಮ್ಮ ಹೆಸರಿಲ್ಲ. ‘ಇನ್ನೊಬ್ಬರು’ ಅಂತ ಇದೆ” ಎಂದೆ.

“ಅದು ನಾನೇ.”

“ಇರಬಹುದು. ಖಚಿತವಾಗಿ ಹೇಳೋಕಾಗಲ್ಲ.”

ಅವರಿಗೆ ಕೋಪ ಬರಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ತೊಡೆಯ ಮೇಲಿಟ್ಟು ನೀಟಾಗಿ ಮಡಚಿದರು. “ಅಳ್ಸಿಬಿಡಿ. ನನ್ನದಲ್ಲದ ಕಾಲು ನನಗ್ಯಾಕೆ? ಅವನು ಹೇಳಿದ್ದು ಪೊಲೀಸ್ನೋನ ಹಿಂದೆ ನಿಲ್ಸಿದೀನಿ ಅಂತ. ಕಾಲು ಕಾಣುತ್ತೆ ಅಂತ ಹೇಳ್ಲಿಲ್ಲ. ಪೂರ್ತಿ ಹಿಂದೇನೇ ಇದೀನಿ ಅಂತ ಆಯ್ತು.” ಆಮೇಲೆ ನಾನು ಚಪ್ಪಲಿ ಮೆಟ್ಟುವಾಗ ಬಾಗಿಲವರೆಗೂ ಬಂದು, “ಒಂದೇ ಮಾತು. ಅಳ್ಸುವಾಗ ಪೊಲೀಸ್ನೋನನ್ನ ಮಾತ್ರ ಸಣ್ಣ ಮಾಡ್ಬೇಡಿ” ಎಂದರು.

ಮೊಹರು ವಾಪಸು ಪಡೆದ ಒಂದೇ ಚಿತ್ರ ಅದು. ಮುನಿಶಾಮಪ್ಪನವರು ಗೋಗರೆದರು. “ಬೇಕು ಅಂದಾಗ ಇಟ್ರಿ, ಬೇಡ ಅಂದಾಗ ತೆಗೀತಿದೀರಿ” ಎಂದರು. ನಡೆದದ್ದು ಅದರ ತಿರುಗುಮುರುಗು ಎಂದು ನೆನಪಿಸಿದೆ. ಕಾಲನ್ನು ಆಚಾರ್ ತಾವೇ ಮುಚ್ಚಿದರು. ಹಳದಿಗೆ ಸಫೇದ ಎಂಬ ಬಿಳಿ ಬಣ್ಣ ಬೆರೆಸಿದರೆ ಬಣ್ಣ ಗಟ್ಟಿ, ಆದರೆ ತಿಳಿಯಾಗಿ ಪಕ್ಕದ ಹಳದಿಗೆ ಹೊಂದುವುದಿಲ್ಲ. ಹಾಗಾಗಿ ಬರೀ ಹಳದಿಯನ್ನೇ ಎರಡು ಸಲ ಬಳಿದರು. ಪೊಲೀಸಿನವನ ಅಂಚಿಗೆ ಬಂದಾಗ ಉಸಿರು ಬಿಗಿಹಿಡಿದಿದ್ದರು. ಮುಗಿದ ಮೇಲೆ ನಾನು ಅವನನ್ನು ಅಡಿಕೋಲಿನಿಂದ ಅಳೆದೆ. ಸಣ್ಣ ಆಗಿರಲಿಲ್ಲ. ಹೊಸದಾಗಿ ಮೊಹರು ಒತ್ತಿದೆ.

ಹಾಲ್ ಉದ್ಘಾಟನೆಯ ದಿನ ಜನ ಭಾಷಣ ಬಿಟ್ಟು ಕಾಲು ಎಣಿಸಿದರು. ಮಂಡಿ ತೋರಿಸಿ ಹೋದವರಲ್ಲೊಬ್ಬರು ತಮ್ಮ ಕಾಲು ಕಾಣೆಯಾಗಿದೆಯೆಂದು ಸಂಘಕ್ಕೆ ಲಿಖಿತ ದೂರು ಕೊಟ್ಟರು. ಕಾಲಿನ ಸಮಿತಿ ಸಭೆ ಸೇರಿ, ಕಾಲು ಇಲ್ಲದ ಕಾರಣ ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ರುದ್ರಯ್ಯನವರು ಎರಡನೆಯ ಸಾಲಿನಲ್ಲಿ ಪೊಲೀಸಿನವನ ನೇರಕ್ಕೆ ಕುಳಿತಿದ್ದರು. ಗೌರಮ್ಮನವರು ಬಂದಿರಲಿಲ್ಲ.

ಆಮೇಲೆ ಚಿತ್ರವನ್ನು ಬೆಳಕಿನಿಂದ ಗೋಡೆಯ ಮೇಲೆ ದೊಡ್ಡದಾಗಿ ಬೀಳಿಸುವ ಯಂತ್ರ ಬಂತು. ಚೌಕ ಹೋಯಿತು, ಕಿಟಕಿಯ ರಟ್ಟು ಹೋಯಿತು. ಬರೆಯುವವರಿಗೆ ಮೊದಲ ದಿನವೇ ಇಡೀ ಚಿತ್ರ ಕಾಣತೊಡಗಿತು, ಆಚಾರ್ ಹೇಳಿದಂತೆ ಕೈಗಳು ತಿದ್ದತೊಡಗಿದವು. ಮೂಗುಗಳು ಸಣ್ಣವಾದವು. ತಾಳೆ ನೋಡುವ ನನ್ನ ಕೆಲಸ ಹೆಚ್ಚಿತು, ಕೇಳುವವರು ಕಡಿಮೆಯಾದರು.

ಅರವತ್ತರ ದಶಕ ಮುಗಿಯುತ್ತಿದ್ದಾಗ ಆ ಸಂಘದ ಹೊಸ ಕಾರ್ಯದರ್ಶಿಯಿಂದ ಒಂದು ಕಾಗದ ಬಂತು. ‘ನಮ್ಮ ಹಾಲ್‌ನಲ್ಲಿರುವ ತಮ್ಮ ಚಿತ್ರದಲ್ಲಿ ಇತ್ತೀಚೆಗೆ ಒಂದು ಕಾಲು ಮೂಡುತ್ತಿದೆ. ದಯವಿಟ್ಟು ಬಂದು ಪರಿಶೀಲಿಸಬೇಕು.’ ಆಚಾರ್‌ಗೆ ಆಗ ಕಣ್ಣು ಮಂದವಾಗಿತ್ತು. ಕಾಗದ ಓದಿಸಿಕೊಂಡು, “ಬರೀ ಹಳದಿ ಅಲ್ವಾ, ವರ್ಷ ಕಳೆದ್ರೆ ತೆಳ್ಳಗಾಗುತ್ತೆ. ಕೆಳಗಿಂದು ಮೇಲೆ ಬರುತ್ತೆ” ಎಂದು ಹೇಳಿ ಹಳದಿ ಡಬ್ಬವನ್ನೂ ಬ್ರಷ್ಷನ್ನೂ ಕೊಟ್ಟರು.

ಹಾಲ್‌ನಲ್ಲಿ ಮಧ್ಯಾಹ್ನದ ಭಜನೆ ಮುಗಿದು ಹೆಂಗಸರು ಹೊರಡುತ್ತಿದ್ದರು. ಏಣಿ ಹಾಕಿ ಹತ್ತಿದೆ. ಕಾಲು ಮೊದಲಿನಂತೆ ಕಪ್ಪಾಗಿರಲಿಲ್ಲ. ಹಳದಿಯ ಒಳಗಿನಿಂದ ಬೂದು ಬಣ್ಣವಾಗಿ ಕಾಣುತ್ತಿತ್ತು, ಮುನಿಶಾಮಪ್ಪನವರು ತಂದ ತುಣುಕಿನಲ್ಲಿ ಇದ್ದಂತೆಯೇ.

“ಏನು ಮಾಡ್ತಿದೀರಿ?” ಎಂದು ಕೆಳಗಿನಿಂದ ಯಾರೋ ಕೇಳಿದರು. ಗೌರಮ್ಮ. ರುದ್ರಯ್ಯನವರು ತೀರಿಕೊಂಡು ಒಂದು ವರ್ಷವಾಗಿತ್ತು.

“ಕಾಲು ಮುಚ್ಚೋಕೆ ಕರೆಸಿದಾರೆ ಅಮ್ಮ.”

“ಎಣ್ಣೆ ಜಾಹೀರಾತಿಂದು ಅಲ್ವಾ ಅದು?”

“ಹೌದು.”

ಅವರು ಕುರ್ಚಿಯೊಂದನ್ನು ಎಳೆದುಕೊಂಡು ಚಿತ್ರದ ಎದುರಿಗೆ ಕುಳಿತರು. ನಾನು ಡಬ್ಬದ ಮುಚ್ಚಳಕ್ಕೆ ಕೈ ಹಾಕಿದ್ದೆ.

“ಮೆಟ್ಲು ಹತ್ತುವಾಗ ಅವರು ಮಂಡೀನ ಹಿಂಗೇ ಮಡಚೋರು” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಸೈಕಲ್ಲಿಂದ ಬಿದ್ದೋರ ಕಾಲು ಹಿಂಗಿರಲ್ಲ” ಎಂದರು.

ನಾನು ಕೆಳಗಿಳಿದೆ. ಕಾರ್ಯದರ್ಶಿ ಪರಿಶೀಲನೆಯ ನಮೂನೆ ತಂದುಕೊಟ್ಟರು. ಹಳದಿ ಡಬ್ಬವನ್ನು ತೆರೆಯದೆ ಮೇಜಿನ ಮೇಲಿಟ್ಟು, ಷರಾ ಬರೆಯುವ ಜಾಗದಲ್ಲಿ ‘ಮೂಲದಂತಿದೆ’ ಎಂದು ಬರೆದು ಸಹಿ ಮಾಡಿದೆ. ಯಾವ ಮೂಲದಂತೆ ಎಂದು ಕೇಳುವ ಕಲಂ ಆ ನಮೂನೆಯಲ್ಲಿ ಇರಲಿಲ್ಲ.